ಎರಡು ಸೂರ್ಯ ಇದ್ದರೆ ಗ್ರಹ ಯಾರ ಮಾತು ಕೇಳುತ್ತೆ? ಒಂಬತ್ತನೇ ತರಗತಿ ಹುಡುಗಿಗೆ ನಾನು ಕೊಟ್ಟ ಉತ್ತರ ತಪ್ಪಾಗಿದೆ

ಚಿಂಚೋಳಿ ಮಾಸ್ತರ · ಅಕ್ಟೋಬರ್ 30, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಚಿಂಚೋಳಿ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ದೀಪಾವಳಿ ಮುಗಿದ ಮೇಲೆ ಮೋಡ ಸರಿದ ಒಂದು ರಾತ್ರಿ ಮಕ್ಕಳನ್ನು ಶಾಲೆ ಮಾಳಿಗೆ ಹತ್ತಿಸಿ ಟೆಲಿಸ್ಕೋಪಿನಲ್ಲಿ ಶನಿ ತೋರಿಸಿದೆ. ಈ ವರ್ಷ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿ ನಿಂತಿದೆ, ಬರೀ ಒಂದು ಗೆರೆ ಕಾಣುತ್ತೆ. ಮಕ್ಕಳ ಮುಖ ಸಪ್ಪೆಯಾಯಿತು. ಅದಕ್ಕೇ ಉತ್ತರಕ್ಕೆ ತಿರುಗಿಸಿ, ರಾಜಹಂಸ ನಕ್ಷತ್ರಪುಂಜದ ರೆಕ್ಕೆ ತುದಿಯಲ್ಲಿರುವ 16 ಸಿಗ್ನಿ ಅನ್ನುವ ಜೋಡಿ ನಕ್ಷತ್ರ ಹಿಡಿದು ಕೊಟ್ಟೆ. ಕಪ್ಪು ಬಟ್ಟೆ ಮೇಲೆ ಪಕ್ಕಪಕ್ಕ ಇಟ್ಟ ಎರಡು ಜೋಳದ ಕಾಳು, ಹಾಗೆ ಕಾಣುತ್ತೆ. ಒಂದೇ ಬಣ್ಣ, ಹೆಚ್ಚೂಕಡಿಮೆ ಒಂದೇ ಬೆಳಕು. "ಎರಡೂ ನಮ್ಮ ಸೂರ್ಯನಂಥವೇ" ಅಂದೆ.

ಆಗ ಒಬ್ಬ ಹುಡುಗಿ ಕೇಳಿದಳು: "ಸರ, ಎರಡು ಸೂರ್ಯ ಇದ್ದರ ಗ್ರಹ ಯಾರ ಮಾತು ಕೇಳತದ್ರಿ?"

ನಾನು ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ. ಎಳೆದಾಟಕ್ಕೆ ಸಿಕ್ಕಿ ಹೊರಗೆ ಹಾರಿ ಹೋಗುತ್ತೆ, ಅಂಥ ಕಡೆ ಗ್ರಹ ಇರಲ್ಲ ಅಂತ. ಮನೆಗೆ ಬಂದು ಓದಿದರೆ, ನಾನು ತೋರಿಸಿದ ಅದೇ ಜೋಡಿಯಲ್ಲಿ ಎರಡನೆಯ ನಕ್ಷತ್ರ 16 ಸಿಗ್ನಿ ಬಿ ಸುತ್ತ ಒಂದು ದೈತ್ಯ ಗ್ರಹ ಇದೆ! 1996ರಿಂದಲೇ ಗೊತ್ತು. ಆ ಹುಡುಗಿ ನನ್ನ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಅದೇ ಮನಸ್ಸಿಗೆ ಹತ್ತಿಬಿಟ್ಟಿದೆ.

ಸೋಮವಾರ ಕ್ಲಾಸಿಗೆ ಹೋಗಿ ಸರಿಪಡಿಸಬೇಕು. ಆ ಗ್ರಹ ಅಲ್ಲಿ ಹೇಗೆ ನಿಂತಿದೆ ಅಂತ ಒಂಬತ್ತನೇ ತರಗತಿಗೆ ತಿಳಿಯುವ ಹಾಗೆ ಹೇಗೆ ಹೇಳಲಿ? ಬೋರ್ಡ್, ಚಾಕ್ ಪೀಸ್, ಶಾಲೆ ಅಂಗಳ, ಇಷ್ಟೇ ಇರೋದು.

ಬೀದರ್ ಹುಡುಗ · ರಾತ್ರಿ 9:22

ಸರ್, ಕೆಪ್ಲರ್-16 ಅಂತ ಇದೆಯಲ್ಲ, ಅದರದ್ದೇ ವಿಡಿಯೋ ತೋರಿಸಿ. ಎರಡು ಸೂರ್ಯ ಮುಳುಗುವ ಚಿತ್ರ ಸಿಗುತ್ತೆ.

ಹಂಸದ ರೆಕ್ಕೆ · ರಾತ್ರಿ 9:41

ತಮ್ಮಾ, ಅದು ಬೇರೆ ಕಥೆ. ಕೆಪ್ಲರ್-16ರಲ್ಲಿ ಎರಡು ನಕ್ಷತ್ರ ಒಂದಕ್ಕೊಂದು ತೀರಾ ಹತ್ತಿರ. ಗ್ರಹ ಹೊರಗಿನಿಂದ ಎರಡನ್ನೂ ಸೇರಿಸಿ ಸುತ್ತುತ್ತೆ, ಒಂದು ಸುತ್ತಿಗೆ 229 ದಿನ. 2011ರಲ್ಲಿ ಸಿಕ್ಕಿತು. ಮಾಸ್ತರು ಕೇಳ್ತಿರೋದರಲ್ಲಿ ನಕ್ಷತ್ರಗಳು ದೂರ ದೂರ, ಗ್ರಹ ಒಂದರ ಸುತ್ತ ಮಾತ್ರ ತಿರುಗುತ್ತೆ. ಎರಡನ್ನೂ ಕಲಸಿದರೆ ಮಕ್ಕಳಿಗೆ ಇನ್ನೂ ಗೊಂದಲ.

ಮಾಸ್ತರೇ, ಮೊದಲು ಒಂದು ಮಾತು. ಚಿಂಚೋಳಿಯ ಕತ್ತಲಲ್ಲಿ 16 ಸಿಗ್ನಿ ಹುಡುಕಿ ತೋರಿಸಿದ್ದೀರಲ್ಲ, ಅದೇ ದೊಡ್ಡದು. ನಾನು ಕಲಬುರಗಿ ಊರೊಳಗೆ ಬೀದಿ ದೀಪದ ಬೆಳಕಲ್ಲಿ ಪಕ್ಕದ ಥೀಟಾ ಸಿಗ್ನಿ ನಕ್ಷತ್ರದಿಂದ ಒಂದು ಡಿಗ್ರಿ ಸರಿಸಿ ಸರಿಸಿ ಹುಡುಕಬೇಕಾಗುತ್ತೆ.

ಈಗ ಲೆಕ್ಕ. ನಮ್ಮಿಂದ ಸುಮಾರು 69 ಬೆಳಕಿನ ವರ್ಷ ದೂರ. ಎ ಮತ್ತು ಬಿ ನಡುವೆ, ಆಕಾಶದಲ್ಲಿ ಕಾಣುವ ಅಂತರ ಹಿಡಿದು ಲೆಕ್ಕ ಹಾಕಿದರೆ, ಭೂಮಿ-ಸೂರ್ಯರ ದೂರದ 830 ಪಟ್ಟಿಗಿಂತ ಜಾಸ್ತಿ. ನಮ್ಮ ನೆಪ್ಚೂನ್ ಇರೋದೇ 30 ಪಟ್ಟು ದೂರದಲ್ಲಿ. ಗ್ರಹ ಬಿ ಯಿಂದ ಸರಾಸರಿ 1.7 ಪಟ್ಟು ದೂರದಲ್ಲಿ ಸುತ್ತುತ್ತೆ. ಒಂದು ಸುತ್ತಿಗೆ ಸುಮಾರು 800 ದಿನ.

ಎಳೆದಾಟ ಎಲ್ಲಿ ಬಂತು? ಎ ಯ ಎಳೆತ ಬಿ ಯ ಎಳೆತಕ್ಕಿಂತ ಸುಮಾರು ಎರಡೂವರೆ ಲಕ್ಷ ಪಟ್ಟು ಕಡಿಮೆ. ಗ್ರಹ ಮನೆಯವರ ಮಾತು ಕೇಳುತ್ತೆ, ಪಕ್ಕದ ಊರಿನವರ ಮಾತಲ್ಲ.

ವಾಡಿ ಜಂಕ್ಷನ್ · ರಾತ್ರಿ 9:50

ಇಷ್ಟು ದೂರದಲ್ಲಿರೋ ಗ್ರಹ ಯಾರು ನೋಡಿದ್ದಾರೆ? ಫೋಟೋ ಇದೆಯಾ?

ಯಾದಗಿರಿ ಅಕ್ಕೋರು · ರಾತ್ರಿ 10:15

ಫೋಟೋ ಇಲ್ಲ ಅಣ್ಣಾ. ಗ್ರಹವನ್ನು ಯಾರೂ ನೋಡಿಲ್ಲ, ನಕ್ಷತ್ರ ಅಲ್ಲಾಡಿದ್ದನ್ನು ನೋಡಿದ್ದಾರೆ. ನೀವು ರೈಲ್ವೆಯವರು ಅನ್ನಿಸುತ್ತೆ, ನಿಮಗೆ ಬೇಗ ತಿಳಿಯುತ್ತೆ. ಹಾರ್ನ್ ಹೊಡೀತಾ ಗಾಡಿ ಹತ್ತಿರ ಬರುವಾಗ ದನಿ ಕೀಚಲು, ದಾಟಿ ಹೋದ ತಕ್ಷಣ ದನಿ ಇಳಿಯುತ್ತೆ ಅಲ್ವಾ? ಬೆಳಕಿಗೂ ಹಾಗೇ. ನಕ್ಷತ್ರ ನಮ್ಮ ಕಡೆ ಬರುವಾಗ ಅದರ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಣ್ಣ ಬಣ್ಣವಾಗಿ ಬಿಡಿಸಿದಾಗ ನಡುವೆ ಕಾಣುವ ಕಪ್ಪು ಗೆರೆಗಳು ಚೂರು ನೀಲಿ ಕಡೆಗೆ, ದೂರ ಹೋಗುವಾಗ ಚೂರು ಕೆಂಪು ಕಡೆಗೆ ಸರಿಯುತ್ತವೆ.

ಗ್ರಹ ಸುತ್ತುವಾಗ ನಕ್ಷತ್ರವೂ ಸುಮ್ನೆ ನಿಲ್ಲಲ್ಲ. ದೊಡ್ಡವರು ಮಗುವಿನ ಎರಡೂ ಕೈ ಹಿಡಿದು ಗಿರ್ರನೆ ತಿರುಗಿಸುವಾಗ ದೊಡ್ಡವರ ಕಾಲೂ ಸಣ್ಣ ವೃತ್ತ ಹಾಕುತ್ತೆ, ನೋಡಿದ್ದೀರಲ್ಲ. 16 ಸಿಗ್ನಿ ಬಿ ಹೀಗೆ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಹಿಂದೆ ಮುಂದೆ ಓಲಾಡುತ್ತೆ. ಗಂಟೆಗೆ 180 ಕಿಲೋಮೀಟರ್. ವಾಡಿ ಮೇಲೆ ಹಾದು ಹೋಗುವ ಯಾವ ಗಾಡಿಗಿಂತಲೂ ಜೋರು. ಆದರೆ ಬೆಳಕಿನ ವೇಗದ ಮುಂದೆ ಇದು 60 ಲಕ್ಷದಲ್ಲಿ ಒಂದು ಭಾಗ. ಗೆರೆ ಅಷ್ಟೇ ಸರಿಯುತ್ತೆ.

ಅಷ್ಟು ಸಣ್ಣ ಸರಿತ ಅಳೆಯೋಕೆ ಏನು ಮಾಡಿದರು ಗೊತ್ತಾ? ಟೆಲಿಸ್ಕೋಪಿನಿಂದ ಬರುವ ಬೆಳಕಿನ ದಾರಿಯಲ್ಲಿ ಅಯೋಡಿನ್ ಆವಿ ತುಂಬಿದ ಗಾಜಿನ ಕೊಳವೆ ಇಟ್ಟರು. ಅಯೋಡಿನ್ ತನ್ನದೇ ಸಾವಿರಾರು ಗೆರೆ ಹಾಕುತ್ತೆ, ಅವು ಜಾಗ ಬಿಟ್ಟು ಕದಲಲ್ಲ. ಸ್ಕೇಲಿನ ಗೆರೆ ಥರ. ನಕ್ಷತ್ರದ ಗೆರೆ ಎಷ್ಟು ಜರುಗಿತು ಅಂತ ಆ ಸ್ಕೇಲಿಗೆ ಹೋಲಿಸಿ ನೋಡೋದು. ಆಲೂಗಡ್ಡೆ ಮೇಲೆ ಹಾಕಿ ಪಿಷ್ಟ ಪರೀಕ್ಷೆ ಮಾಡಿಸ್ತೀವಲ್ಲ ಮಾಸ್ತರೇ, ಅದೇ ಅಯೋಡಿನ್. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಅಮೆರಿಕದ ಎರಡು ತಂಡ, ಟೆಕ್ಸಾಸಿನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯ ಮತ್ತು ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ, ಬೇರೆ ಬೇರೆಯಾಗಿ ಅಳೆದು ಒಂದೇ ಉತ್ತರಕ್ಕೆ ಬಂದವು. ಅದಕ್ಕೇ ನಂಬಿಕೆ ಬಂದದ್ದು.

ವಾಡಿ ಜಂಕ್ಷನ್ · ರಾತ್ರಿ 10:21

ತಿಳೀತು ಅಕ್ಕೋರೆ. ಪ್ಲಾಟ್‌ಫಾರ್ಮ್ ಮೇಲೆ ನಿಂತು ದಿನಾ ಕೇಳ್ತೀನಿ, ಈ ಕಡೆ ಯೋಚನೆನೇ ಹೋಗಿರಲಿಲ್ಲ.

ಬೀದರ್ ಹುಡುಗ · ರಾತ್ರಿ 10:30

ಗ್ರಹದ ತೂಕ ಗುರುವಿನ 1.7 ಪಟ್ಟು ಅಂತ ಓದಿದೆ.

ಯಾದಗಿರಿ ಅಕ್ಕೋರು · ರಾತ್ರಿ 10:34

"ಕನಿಷ್ಠ" ಅನ್ನುವ ಮಾತು ಸೇರಿಸಬೇಕು ತಮ್ಮಾ. ಈ ವಿಧಾನದಲ್ಲಿ ನಮ್ಮ ಕಡೆಗೆ ಬರುವ-ಹೋಗುವ ಓಟ ಮಾತ್ರ ಸಿಗುತ್ತೆ. ಕಕ್ಷೆ ಎಷ್ಟು ಓರೆ ಇದೆ ಅಂತ ಗೊತ್ತಾಗಲ್ಲ. ಓರೆ ಜಾಸ್ತಿ ಇದ್ದರೆ ತೂಕವೂ ಜಾಸ್ತಿ.

ಭೀಮಾ ದಂಡೆ · ರಾತ್ರಿ 10:48

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಈ ವರ್ಷ ಮಳೆಗೆ ನಮ್ಮ ತೊಗರಿ ನಿಂತಲ್ಲೇ ಕೊಳೆತು ಹೋಯಿತು. ಭೀಮಾ ನೀರು ಹೊಲದೊಳಗೆ ಬಂದು ಹೋಯಿತು. ನನ್ನ ಮಗ ಒಂಬತ್ತನೇ ತರಗತಿಯಲ್ಲೇ ಇದ್ದಾನೆ, ಗುಣಾಕಾರ ಸರಿಯಾಗಿ ಬರಲ್ಲ. 69 ಬೆಳಕಿನ ವರ್ಷ ದೂರದ ಗ್ರಹ ತಿಳಿದು ಅವನಿಗೆ ಆಗಬೇಕಾದ್ದೇನು? ಮೊದಲು ಪಾಸಾಗುವ ಪಾಠ ಹೇಳಿ.

ಹಂಸದ ರೆಕ್ಕೆ · ರಾತ್ರಿ 10:57

ಅಣ್ಣಾ, ನಿಮ್ಮ ಕಷ್ಟ ಸಣ್ಣದು ಅಂತ ಯಾರೂ ಹೇಳಲ್ಲ. ಆದರೆ ಹುಡುಗಿ ತಾನಾಗಿ ಕೇಳಿದ್ದಾಳೆ. ಪರೀಕ್ಷೆಯಲ್ಲಿ ಬರಲ್ಲ ಅಂತ ಬಾಯಿ ಮುಚ್ಚಿಸೋದಾ?

ಭೀಮಾ ದಂಡೆ · ರಾತ್ರಿ 11:02

ಮುಚ್ಚಿಸಿ ಅಂತ ನಾನು ಅನ್ನಲಿಲ್ಲ. ಯಾವುದು ಮೊದಲು ಅಂತ ಕೇಳಿದೆ.

ಯಾದಗಿರಿ ಅಕ್ಕೋರು · ರಾತ್ರಿ 11:11

ಇಲ್ಲಿ ಗುಣಾಕಾರವೇ ಇದೆ ಅಣ್ಣಾ. 830 ಅನ್ನು 830ರಿಂದ ಗುಣಿಸಿದರೆ ಎ ನಕ್ಷತ್ರ ಆ ಗ್ರಹದ ಆಕಾಶದಲ್ಲಿ ಹೇಗೆ ಕಾಣುತ್ತೆ ಅಂತ ಹೇಳಬಹುದು. ಬರೆದು ತೋರಿಸ್ತೀನಿ, ನಿಮ್ಮ ಮಗನ ಕೈಯಲ್ಲೂ ಮಾಡಿಸಿ.

ದೂರ 830 ಪಟ್ಟಾದರೆ ಬೆಳಕು 830 × 830, ಅಂದರೆ ಸುಮಾರು 7 ಲಕ್ಷ ಪಟ್ಟು ಕಡಿಮೆ. ಎ ನಮ್ಮ ಸೂರ್ಯನಿಗಿಂತ ಒಂದೂವರೆ ಪಟ್ಟು ಪ್ರಕಾಶ. 7 ಲಕ್ಷವನ್ನು ಒಂದೂವರೆಯಿಂದ ಭಾಗಿಸಿದರೆ ನಾಲ್ಕೂವರೆ ಲಕ್ಷ ಚಿಲ್ಲರೆ. ನಮ್ಮ ಹುಣ್ಣಿಮೆ ಚಂದ್ರನ ಬೆಳಕು ಸೂರ್ಯನಿಗಿಂತ ಸುಮಾರು 4 ಲಕ್ಷ ಪಟ್ಟು ಕಡಿಮೆ. ಅಂದರೆ ಆ ಗ್ರಹದ ರಾತ್ರಿಗೆ ಎರಡನೇ ಸೂರ್ಯ ಕೊಡೋದು ಹತ್ತಿರ ಹತ್ತಿರ ಒಂದು ಹುಣ್ಣಿಮೆಯಷ್ಟು ಬೆಳಕು. ಆದರೆ ಚಂದ್ರನ ಹಾಗೆ ತಟ್ಟೆ ಕಾಣಲ್ಲ. ಬರೀ ಒಂದು ಚುಕ್ಕೆ. ಅಷ್ಟೂ ಬೆಳಕು ಒಂದು ಸೂಜಿಮೊನೆಯಿಂದ.

ಸುರಪುರ ಓದುಗ · ರಾತ್ರಿ 11:15

ಹುಣ್ಣಿಮೆಯಷ್ಟು ಬೆಳಕು, ಚುಕ್ಕೆ! ಮೈ ಜುಂ ಅಂತು.

ಚಿಂಚೋಳಿ ಮಾಸ್ತರ · ಅಕ್ಟೋಬರ್ 31, ಬೆಳಿಗ್ಗೆ 6:05

ರಾತ್ರಿ ಮಲಗಿಬಿಟ್ಟೆ, ಈಗ ಎಲ್ಲಾ ಓದಿದೆ. ಅಕ್ಕೋರೆ, ಈ ಲೆಕ್ಕ ಸೋಮವಾರ ಬೋರ್ಡ್ ಮೇಲೆ ಬರುತ್ತೆ.

ಭೀಮಾ ದಂಡೆಯ ಅಣ್ಣನವರಿಗೆ: ನಮ್ಮ ಶಾಲೆಯ ಮಕ್ಕಳೂ ಹೊಲದವರೇ. ಆ ಹುಡುಗಿಯ ಮನೆಯಲ್ಲೂ ಈ ಸಲ ತೊಗರಿ ಹೋಗಿದೆ. ಆದರೂ ರಾತ್ರಿ ಮಾಳಿಗೆ ಹತ್ತಿ ಬಂದಳು.

ಇನ್ನೊಂದು ಸಂಶಯ. ಆ ಗ್ರಹದ ಕಕ್ಷೆ ತುಂಬಾ ಉದ್ದಕ್ಕೆ ಎಳೆದಂತಿದೆ ಅಂತ ಓದಿದೆ. ಅದು ಎಷ್ಟು, ಯಾಕೆ?

ಹಂಸದ ರೆಕ್ಕೆ · ಬೆಳಿಗ್ಗೆ 7:30

ಇದಕ್ಕೆ ಅಂಗಳವೇ ಸಾಕು. ನಾನು ಒಮ್ಮೆ ಮಾಡಿ ನೋಡಿದ್ದೇನೆ.

ಒಂದು ಹಲಗೆ ಮೇಲೆ 34 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆಯಿರಿ. ಒಂದು ಮೊಳೆಯಿಂದ ಇನ್ನೊಂದಕ್ಕೆ ಸರಿಯಾಗಿ 50 ಸೆಂಟಿಮೀಟರ್ ದಾರ ಕಟ್ಟಿ. ದಾರ ಜೋತು ಬೀಳುತ್ತೆ. ಅದನ್ನು ಚಾಕ್ ಪೀಸಿನಿಂದ ಬಿಗಿಯಾಗಿ ಹೊರಗೆ ಎಳೆದು ಸುತ್ತ ಗೆರೆ ಹಾಕಿ. ಮೊಟ್ಟೆ ಥರ ಬರುವ ಆ ಆಕಾರವೇ ಗ್ರಹದ ಕಕ್ಷೆ. ಒಂದು ಮೊಳೆ 16 ಸಿಗ್ನಿ ಬಿ. ಇನ್ನೊಂದು ಮೊಳೆ ಇರುವ ಜಾಗದಲ್ಲಿ ಏನೂ ಇಲ್ಲ, ಖಾಲಿ. ಇದನ್ನು ಒತ್ತಿ ಹೇಳಿ. ಇಲ್ಲದಿದ್ದರೆ ಮಕ್ಕಳು ಅಲ್ಲೇ ಎರಡನೇ ಸೂರ್ಯ ಇದೆ ಅಂದುಕೊಳ್ತಾರೆ.

ಈ ಅಳತೆಯಲ್ಲಿ ಭೂಮಿ-ಸೂರ್ಯರ ದೂರ 15 ಸೆಂಟಿಮೀಟರ್. ಗ್ರಹ ನಕ್ಷತ್ರದ ಹತ್ತಿರ ಬಂದಾಗ ಮೊಳೆಯಿಂದ 8 ಸೆಂಟಿಮೀಟರ್, ದೂರ ಹೋದಾಗ 42. ನಮ್ಮ ಶುಕ್ರ ಇದೇ ಅಳತೆಯಲ್ಲಿ 11ಕ್ಕೆ, ಮಂಗಳ 23ಕ್ಕೆ ಬರುತ್ತೆ. ಅಂದರೆ ಗುರುವಿಗಿಂತ ದೊಡ್ಡ ಗ್ರಹವೊಂದು ಶುಕ್ರನಿಗಿಂತ ಒಳಗೆ ನುಗ್ಗಿ, ಮತ್ತೆ ಮಂಗಳನನ್ನು ದಾಟಿ ಹೊರಗೆ ಹೋಗಿ ಬರುತ್ತೆ.

ಈಗ ಎ ನಕ್ಷತ್ರ ಎಲ್ಲಿಡಬೇಕು? 830ನ್ನು 15 ಸೆಂಟಿಮೀಟರಿನಿಂದ ಗುಣಿಸಿ. ಸುಮಾರು 125 ಮೀಟರ್ ಆಚೆ! ಒಬ್ಬ ಹುಡುಗನ ಕೈಗೆ ಟಾರ್ಚ್ ಕೊಟ್ಟು ಗೇಟಿನಾಚೆ, ರಸ್ತೆ ಮೇಲೋ ಹೊಲದ ಬದುವಿನ ಮೇಲೋ ನಿಲ್ಲಿಸಿ. ಯಾರ ಮಾತು ಕೇಳುತ್ತೆ ಅನ್ನೋದಕ್ಕೆ ಆಮೇಲೆ ನೀವು ಬಾಯಿ ತೆರೆಯೋದೇ ಬೇಡ.

ಬೀದರ್ ಹುಡುಗ · ಬೆಳಿಗ್ಗೆ 7:44

ಇವತ್ತೇ ಮಾಡ್ತೀನಿ. ದಾರ ಎಳೆದುಕೊಳ್ಳದ ಹಾಗಿರಲಿ, ಗಾಳಿಪಟದ ದಾರ ಒಳ್ಳೆಯದು.

ಯಾದಗಿರಿ ಅಕ್ಕೋರು · ಬೆಳಿಗ್ಗೆ 8:20

ಯಾಕೆ ಹೀಗೆ ಎಳೆದಂತಾಯಿತು ಅನ್ನೋದಕ್ಕೆ ಹೆಚ್ಚು ಜನ ಹೇಳುವ ಕಾರಣ ಅದೇ ದೂರದ ಎ ನಕ್ಷತ್ರ. ಅದರ ಕಕ್ಷೆ ಗ್ರಹದ ಕಕ್ಷೆಗೆ ಸಾಕಷ್ಟು ಓರೆಯಾಗಿದ್ದರೆ, ಅದರ ಸಣ್ಣ ಸಣ್ಣ ಎಳೆತ ಕೋಟಿಗಟ್ಟಲೆ ವರ್ಷ ಸೇರುತ್ತಾ ಹೋಗುತ್ತೆ. ಗ್ರಹದ ದುಂಡು ಕಕ್ಷೆ ನಿಧಾನಕ್ಕೆ ಉದ್ದವಾಗುತ್ತೆ, ಮತ್ತೆ ದುಂಡಾಗುತ್ತೆ, ಮತ್ತೆ ಉದ್ದವಾಗುತ್ತೆ. ಜಪಾನಿನ ಕೊಜಾಯಿ ಇದನ್ನು 1962ರಲ್ಲಿ ಕ್ಷುದ್ರಗ್ರಹಗಳಿಗೆ ಲೆಕ್ಕ ಹಾಕಿದರು, ಅದೇ ಹೊತ್ತಿಗೆ ರಷ್ಯದ ಲಿಡೋವ್ ಕೃತಕ ಉಪಗ್ರಹಗಳಿಗೆ ಹಾಕಿದ್ದರು. 16 ಸಿಗ್ನಿ ಗ್ರಹ ಸಿಕ್ಕ ಮೇಲೆ 1997ರಲ್ಲಿ ಅದೇ ಲೆಕ್ಕವನ್ನು ಇಲ್ಲಿಗೆ ತಂದರು. ಜೋಕಾಲಿಗೆ ಒಂದೊಂದೇ ಬೆರಳಿನಿಂದ ನೂಕುತ್ತಾ ಹೋದರೂ ಕೊನೆಗೆ ಮೇಲೆ ಹೋಗುತ್ತಲ್ಲ, ಹಾಗೆ ಅಂತ ಮಕ್ಕಳಿಗೆ ಹೇಳಬಹುದು.

ಹಂಸದ ರೆಕ್ಕೆ · ಬೆಳಿಗ್ಗೆ 8:41

ಜೋಕಾಲಿ ಹೋಲಿಕೆ ನನಗೆ ಒಪ್ಪಿಗೆ ಇಲ್ಲ ಅಕ್ಕೋರೆ. ಜೋಕಾಲಿಗೆ ತಾಳ ಹಿಡಿದು ನೂಕಬೇಕು. ಇಲ್ಲಿ ಎ ಒಂದು ಸುತ್ತು ಬರೋಕೆ ಸಾವಿರಾರು ವರ್ಷ, ಗ್ರಹಕ್ಕೆ 800 ದಿನ. ತಾಳ ಎಲ್ಲಿದೆ?

ಯಾದಗಿರಿ ಅಕ್ಕೋರು · ಬೆಳಿಗ್ಗೆ 8:55

ಸರಿ, ತಾಳ ಇಲ್ಲ, ಒಪ್ಪಿದೆ. "ಒಂದೇ ಕಡೆಗೆ ಬಿದ್ದ ಸಣ್ಣ ಎಳೆತ ಕೂಡುತ್ತಾ ಹೋಗುತ್ತೆ" ಅಂತಷ್ಟೇ ಹೇಳೋಣ. ಗಾಳಿ ಯಾವಾಗಲೂ ಒಂದೇ ಕಡೆಯಿಂದ ಬೀಸಿದರೆ ಬದುವಿನ ಮರ ವಾಲಿ ಬೆಳೆಯುತ್ತಲ್ಲ. ಒಂದು ದಿನದ ಗಾಳಿಗೆ ಏನೂ ಕಾಣಲ್ಲ.

ಹಂಸದ ರೆಕ್ಕೆ · ಬೆಳಿಗ್ಗೆ 9:02

ಇದು ಚೆನ್ನಾಗಿದೆ. ಆದರೂ ಎ ನೇ ಕಾರಣ ಅಂತ ಮುದ್ರೆ ಒತ್ತಬೇಡಿ ಮಾಸ್ತರೇ. ಮೊದಲು ಅಲ್ಲಿ ಇನ್ನೊಂದು ದೊಡ್ಡ ಗ್ರಹ ಇದ್ದು, ಎರಡೂ ಹತ್ತಿರ ಬಂದು ಒಂದನ್ನೊಂದು ತಳ್ಳಿಕೊಂಡಿದ್ದರೂ ಕಕ್ಷೆ ಹೀಗೆ ಆಗಬಹುದು.

ಚಿಂಚೋಳಿ ಮಾಸ್ತರ · ಬೆಳಿಗ್ಗೆ 9:10

ಅಂದರೆ ಹುಡುಗಿಯ ಪ್ರಶ್ನೆಗೆ ಪೂರ್ತಿ ಉತ್ತರ: ದಿನನಿತ್ಯ ಹತ್ತಿರದವನ ಮಾತು, ಕೋಟಿ ವರ್ಷದಲ್ಲಿ ದೂರದವನ ಮಾತೂ ಸ್ವಲ್ಪ. ಸರಿನಾ?

ಯಾದಗಿರಿ ಅಕ್ಕೋರು · ಬೆಳಿಗ್ಗೆ 9:13

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮಾಳಿಗೆ ಮಂಚ · ಬೆಳಿಗ್ಗೆ 10:30

ಅಲ್ಲಿ ಬಿಸಿಲು ಹೇಗಿರುತ್ತೆ? ನಮ್ಮ ಕಲಬುರಗಿ ಮೇ ತಿಂಗಳಿಗಿಂತ ಜಾಸ್ತಿನಾ? ಗ್ರಹ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ಅಲ್ವಾ?

ಹಂಸದ ರೆಕ್ಕೆ · ಬೆಳಿಗ್ಗೆ 10:52

ಅಲ್ಲಿ ಹೌದು, ಇಲ್ಲಿ ಅಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರ, ನಾವು ಚಾದರ ಹೊದ್ದು ಮಲಗುವಾಗ. ಅತಿ ದೂರ ಜುಲೈ ಮೊದಲ ವಾರ. ಮೇ ತಿಂಗಳಲ್ಲಿ ನಾವು ದೂರ ಹೋಗ್ತಾ ಇರ್ತೀವಿ, ಆದರೂ ಕಲಬುರಗಿ ಕಾದ ಹಂಚು. ನಮ್ಮ ಬೇಸಿಗೆ ಭೂಮಿಯ ಓರೆಯಿಂದ ಬರುತ್ತೆ, ದೂರದಿಂದಲ್ಲ. ಹತ್ತಿರ-ದೂರದ ವ್ಯತ್ಯಾಸ ಬರೀ ಶೇಕಡಾ 3.

ಆ ಗ್ರಹಕ್ಕೆ ದೂರವೇ ಎಲ್ಲ. ಹತ್ತಿರ ಬಂದಾಗ ಸಿಗುವ ಬೆಳಕು ದೂರ ಇದ್ದಾಗಿನದಕ್ಕಿಂತ 27 ಪಟ್ಟಿಗೂ ಜಾಸ್ತಿ. ಭೂಮಿಗೆ ಬೀಳುವ ಬಿಸಿಲಿನ ನಾಲ್ಕು ಪಟ್ಟು ಒಂದು ಕಾಲಕ್ಕೆ, ಆರನೇ ಒಂದು ಭಾಗ ಇನ್ನೊಂದು ಕಾಲಕ್ಕೆ. ಎಲ್ಲಾ 800 ದಿನದೊಳಗೆ.

ಮಾಳಿಗೆ ಮಂಚ · ಬೆಳಿಗ್ಗೆ 10:58

ನಲವತ್ತು ವರ್ಷದಿಂದ ತಪ್ಪು ತಿಳಿದಿದ್ದೆ. ಹತ್ತಿರ ಬಂದಾಗ ಬೇಸಿಗೆ ಅಂತಲೇ ಶಾಲೆಯಲ್ಲಿ ಹೇಳಿದ್ದರು.

ಸುರಪುರ ಓದುಗ · ಬೆಳಿಗ್ಗೆ 11:20

ಅಲ್ಲಿ ಜನ ಇರಬಹುದಾ?

ಬೀದರ್ ಹುಡುಗ · ಬೆಳಿಗ್ಗೆ 11:31

ಅದು ಗುರುವಿನಂಥ ಗ್ರಹ ಆಗಿದ್ದರೆ ಅನಿಲದ್ದು, ಕಾಲಿಡೋಕೆ ನೆಲವೇ ಇರಲ್ಲ. ಆದರೆ ಜನ ಇದ್ದರೂ ಇರಲಿ ಅಂತ ಕಾಗದ ಕಳಿಸಿದ್ದಾರೆ! 1999ರಲ್ಲಿ ಕ್ರಿಮಿಯಾದ ಯೆವ್‌ಪಟೋರಿಯಾದಲ್ಲಿರುವ 70 ಮೀಟರ್ ಅಗಲದ ಆಂಟೆನಾದಿಂದ ರೇಡಿಯೋ ಸಂದೇಶ ಬಿಟ್ಟರು. ಕಾಸ್ಮಿಕ್ ಕಾಲ್ ಅಂತ ಹೆಸರು. ಕಳಿಸಿದ ನಾಲ್ಕು ನಕ್ಷತ್ರಗಳಲ್ಲಿ ಒಂದು 16 ಸಿಗ್ನಿ ಎ. ತಲುಪೋದು 2069ಕ್ಕೆ.

ವಾಡಿ ಜಂಕ್ಷನ್ · ಬೆಳಿಗ್ಗೆ 11:36

ಗ್ರಹ ಬಿ ಹತ್ತಿರ, ಕಾಗದ ಎ ಗೆ?

ಬೀದರ್ ಹುಡುಗ · ಬೆಳಿಗ್ಗೆ 11:40

ಪಕ್ಕದ ಮನೆ ಅಣ್ಣಾ. ಅಷ್ಟು ದೂರದಿಂದ ಹೋದ ಅಲೆ ಎರಡಕ್ಕೂ ಸಿಗುವಷ್ಟು ಹರಡಿರುತ್ತೆ.

ಬಹಮನಿ ಬುರುಜು · ಮಧ್ಯಾಹ್ನ 1:15

ವಿಷಯ ಸ್ವಲ್ಪ ಬೇರೆ, ಆದರೂ ಹೇಳಲೇಬೇಕು. ನಮ್ಮ ನೆಲಕ್ಕೆ ಈ ಹುಚ್ಚು ಹೊಸದಲ್ಲ. ಕಲಬುರಗಿಯಿಂದ ಆಳಿದ ಫಿರೋಜ್ ಶಾ ಬಹಮನಿ 1407ರಲ್ಲಿ ದೌಲತಾಬಾದ್ ಹತ್ತಿರದ ಘಟ್ಟದ ಮೇಲೆ ನಕ್ಷತ್ರ ನೋಡುವ ವೀಕ್ಷಣಾಲಯ ಕಟ್ಟಿಸೋಕೆ ಶುರು ಮಾಡಿದ್ದ. ಕೆಲಸ ನೋಡಿಕೊಳ್ಳುತ್ತಿದ್ದ ವಿದ್ವಾಂಸ ತೀರಿಕೊಂಡ ಮೇಲೆ ಅದು ಅರ್ಧಕ್ಕೇ ನಿಂತಿತು. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಮುಗಿಸಿದ ಮದ್ರಸಾ ಇವತ್ತೂ ನಿಂತಿದೆ. ಅದರ ಮಿನಾರಿನ ನೀಲಿ ಹೆಂಚಿನ ಚೂರು ಬಿಸಿಲಿಗೆ ಹೊಳೆಯುವಾಗ ನೋಡಿ. ದೂರದೂರದ ವಿದ್ವಾಂಸರನ್ನು ಕರೆಸಿಕೊಂಡ ಜಾಗ ಅದು.

ಭೀಮಾ ದಂಡೆ · ಮಧ್ಯಾಹ್ನ 1:30

ಅರ್ಧಕ್ಕೆ ನಿಂತದ್ದೇ ನಮ್ಮ ಕಡೆಯ ಕಥೆ.

ಬಹಮನಿ ಬುರುಜು · ಮಧ್ಯಾಹ್ನ 1:33

ಅದಕ್ಕೇ ಮಾಸ್ತರು ಮಾಳಿಗೆ ಮೇಲೆ ಮಾಡ್ತಿರೋದು ನನಗೆ ಸಣ್ಣದು ಅನ್ನಿಸಲ್ಲ ಅಣ್ಣಾ.

ಸುರಪುರ ಓದುಗ · ಮಧ್ಯಾಹ್ನ 2:05

ಆಗಸ್ಟಿನಲ್ಲಿ ಆಲ್ಫಾ ಸೆಂಟಾರಿ ಹತ್ತಿರವೂ ಗ್ರಹ ಸಿಕ್ಕಿತು ಅಂತ ಪೇಪರಿನಲ್ಲಿ ಬಂದಿತ್ತಲ್ಲ? ಅದೂ ಜೋಡಿ ಸೂರ್ಯನೇ.

ಹಂಸದ ರೆಕ್ಕೆ · ಮಧ್ಯಾಹ್ನ 2:40

"ಸಿಕ್ಕಿತು" ಅನ್ನೋದು ಅವಸರದ ಮಾತು. ಆಲ್ಫಾ ಸೆಂಟಾರಿ ಎ ನಮ್ಮ ಸೂರ್ಯನಂಥದ್ದೇ, ಬರೀ 4.3 ಬೆಳಕಿನ ವರ್ಷ. ಜೇಮ್ಸ್ ವೆಬ್ ಟೆಲಿಸ್ಕೋಪ್ 2024ರ ಆಗಸ್ಟಿನಲ್ಲಿ ಅದರ ಪಕ್ಕ ಒಂದು ಮಂದ ಚುಕ್ಕೆ ಕಂಡಿತು. ಶನಿಯಷ್ಟು ತೂಕದ ಗ್ರಹ ಇರಬಹುದು ಅಂದರು. 2025ರ ಫೆಬ್ರವರಿ, ಏಪ್ರಿಲಿನಲ್ಲಿ ಮತ್ತೆ ನೋಡಿದಾಗ ಕಾಣಲಿಲ್ಲ. ಆಗ ಕಕ್ಷೆಯಲ್ಲಿ ನಕ್ಷತ್ರಕ್ಕೆ ತೀರಾ ಹತ್ತಿರ ಹೋಗಿ ಬೆಳಕಿನಲ್ಲಿ ಮುಚ್ಚಿಹೋಗಿರಬಹುದು. ಮತ್ತೊಮ್ಮೆ ಕಾಣುವವರೆಗೆ ಕಾಯಬೇಕು.

ಅಲ್ಲಿಯ ಎಳೆದಾಟ ಮಾತ್ರ ನಿಜವಾದದ್ದು. ಎ ಮತ್ತು ಬಿ 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಹತ್ತಿರ ಬಂದಾಗ ನಡುವಿನ ಅಂತರ ಭೂಮಿ-ಸೂರ್ಯರ ದೂರದ 11 ಪಟ್ಟು ಅಷ್ಟೇ. ಅಲ್ಲಿ ಎ ಯ ಗ್ರಹ ಸುಮಾರು ಎರಡೂವರೆ, ಮೂರು ಪಟ್ಟು ದೂರದೊಳಗೇ ಇರಬೇಕು. ಅದಕ್ಕಿಂತ ಆಚೆ ಹೋದರೆ ಮಾಸ್ತರು ಹುಡುಗಿಗೆ ಹೇಳಿದ್ದೇ ಆಗುತ್ತೆ, ಹಾರಿ ಹೋಗುತ್ತೆ. ಹಾಗಾಗಿ ಮಾಸ್ತರೇ, ನಿಮ್ಮ ಉತ್ತರ ಪೂರ್ತಿ ಸುಳ್ಳಲ್ಲ. ಬೇರೆ ಜೋಡಿಗೆ, ಬೇರೆ ದೂರಕ್ಕೆ ಅದು ನಿಜ.

ಇನ್ನೊಂದು. ಆಲ್ಫಾ ಸೆಂಟಾರಿ ನಮಗೆ ಕಾಣುತ್ತೆ! ದಿಲ್ಲಿಯವರಿಗೆ ಆ ಭಾಗ್ಯ ಇಲ್ಲ. ಮೇ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆ ಹೊತ್ತಿಗೆ ಸರಿಯಾಗಿ ದಕ್ಷಿಣಕ್ಕೆ, ನೆಲದಿಂದ 12 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದಕ್ಕಿಂತ ಸ್ವಲ್ಪ ಮೇಲೆ. ಸೆಕೆಗೆ ಮಾಳಿಗೆ ಮೇಲೆ ಮಲಗಿದವರು ಎದ್ದು ಕೂತರೆ ಸಾಕು.

ಮಾಳಿಗೆ ಮಂಚ · ಮಧ್ಯಾಹ್ನ 2:52

ಮೇ ತಿಂಗಳಿಗೆ ಫೋನಿನಲ್ಲಿ ಅಲಾರಾಂ ಇಟ್ಟೆ.

ಹಳೆ ಹೈದರಾಬಾದಿನವ · ನವೆಂಬರ್ 1, ಬೆಳಿಗ್ಗೆ 8:15

ನನಗೆ 81 ವರ್ಷ. ಮೊಮ್ಮಗ ಇದನ್ನೆಲ್ಲಾ ಓದಿ ಹೇಳಿದ, ಅವನೇ ಟೈಪ್ ಮಾಡುತ್ತಿದ್ದಾನೆ.

69 ಬೆಳಕಿನ ವರ್ಷ ಅಂದರೆ ಈಗ ಕಾಣುವ ಬೆಳಕು 69 ವರ್ಷದ ಹಿಂದೆ ಹೊರಟದ್ದು ಅಂತ ಮೊಮ್ಮಗ ಹೇಳಿದ. 2025ರಲ್ಲಿ 69 ಕಳೆದರೆ 1956. ಆ ವರ್ಷ ನವೆಂಬರ್ 1ಕ್ಕೆ ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದೆವು. ನನಗೆ ಆಗ 12 ವರ್ಷ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲು ಆಗದಷ್ಟು ದೊಡ್ಡವನಾಗಿದ್ದೆ, ಆದರೂ ಜನರ ನಡುವೆ ಏನೂ ಕಾಣಲ್ಲ ಅಂತ ಕೂರಿಸಿಕೊಂಡ. ಊರ ಚಾವಡಿ ಮುಂದೆ ಮಾವಿನ ತೋರಣ ಕಟ್ಟಿದ್ದರು. ಬೆಲ್ಲ ಹಂಚಿದರು. ಅಲ್ಲಿಯವರೆಗೆ ಕಚೇರಿ ಕಾಗದವೆಲ್ಲ ಉರ್ದು. ನನ್ನ ಅಪ್ಪನಿಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು. ಪಹಣಿ ಓದಿಸೋಕೆ ಪ್ರತಿ ಸಲ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುತ್ತಿದ್ದ.

ಆ ರಾತ್ರಿ ಅಲ್ಲಿಂದ ಹೊರಟ ಬೆಳಕು ಈಗ ಇಲ್ಲಿ ಇಳಿಯುತ್ತಿದೆ ಅಂದರೆ, ನಾನು ಅದನ್ನು ಒಂದು ಸಲ ನೋಡಬೇಕು. ಕಣ್ಣು ಮಂಜಾಗಿದೆ, ಟೆಲಿಸ್ಕೋಪಿನಲ್ಲಿ ಕಾಣಬಹುದಾ?

ಹಂಸದ ರೆಕ್ಕೆ · ಬೆಳಿಗ್ಗೆ 8:31

ಕಾಕಾ, ಖಂಡಿತ ಕಾಣುತ್ತೆ. ನೀವು ಎಲ್ಲಿದ್ದರೂ ಟೆಲಿಸ್ಕೋಪ್ ನಾನೇ ತರ್ತೀನಿ. ನವೆಂಬರ್ 5ಕ್ಕೆ ಹುಣ್ಣಿಮೆ, ಅದು ಕಳೆದು ವಾರ ಬಿಟ್ಟು ಬರ್ತೀನಿ. ಸಂಜೆ ಏಳು, ಏಳೂವರೆಗೆ ಉತ್ತರಕ್ಕೆ ಇನ್ನೂ ಎತ್ತರದಲ್ಲೇ ಇರುತ್ತೆ. ಕೂತು ನೋಡುವ ಹಾಗೆ ಹೊಂದಿಸ್ತೀನಿ.

ದೂರದ ಅಳತೆಯಲ್ಲಿ ನವೆಂಬರ್ 1 ಅಂತ ದಿನ ಹಿಡಿದು ಹೇಳಕ್ಕಾಗಲ್ಲ, ಆದರೆ ಆ ಕಾಲದ ಬೆಳಕೇ.

ಹಳೆ ಹೈದರಾಬಾದಿನವ · ಬೆಳಿಗ್ಗೆ 8:40

ಆ ಕಾಲದ್ದಾದರೆ ಸಾಕಪ್ಪಾ.

ಭೀಮಾ ದಂಡೆ · ಬೆಳಿಗ್ಗೆ 9:05

ಕಾಕಾ, ನಮ್ಮ ಮನೆಯಲ್ಲೂ ಅಜ್ಜನ ಉರ್ದು ಪಹಣಿ ಟ್ರಂಕಿನಲ್ಲಿ ಇನ್ನೂ ಇದೆ.

ಚಿಂಚೋಳಿ ಮಾಸ್ತರ · ನವೆಂಬರ್ 3, ಸಂಜೆ 5:50

ಇವತ್ತು ಮಾಡಿದೆವು. ಮೊದಲು ಬೋರ್ಡ್ ಮುಂದೆ ನಿಂತು, ಅವತ್ತು ನಾನು ಹೇಳಿದ್ದು ತಪ್ಪು ಅಂತ ಎಲ್ಲರಿಗೂ ಹೇಳಿದೆ. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಹುಡುಗಿ ನೋಟ್‌ಬುಕ್ ತೆಗೆದು ಹಳೆ ಉತ್ತರದ ಮೇಲೆ ಗೆರೆ ಎಳೆದಳು. ಅಳಿಸಲಿಲ್ಲ, ಗೆರೆ ಮಾತ್ರ.

ಹಲಗೆ ಸಿಗಲಿಲ್ಲ, ಅಂಗಳದ ಮಣ್ಣಿನಲ್ಲೇ ಮೊಳೆ ಊರಿ ದಾರ ಕಟ್ಟಿದೆವು. ಚಾಕ್ ಪೀಸಿನ ಬದಲು ತೊಗರಿ ಕಟ್ಟಿಗೆ ತುಂಡು. ಗೆರೆ ಚೆನ್ನಾಗಿ ಬಂತು. ಎರಡನೇ ಸೂರ್ಯನಿಗೆ ಒಬ್ಬ ಹುಡುಗನನ್ನು ಕಳಿಸಿ 125 ಮೀಟರ್ ಟೇಪ್ ಹಿಡಿದು ಅಳೆದೆವು. ಗೇಟು ದಾಟಿ, ರಸ್ತೆ ದಾಟಿ, ಹುಣಸೆ ಮರದ ಹತ್ತಿರ ನಿಂತ. ಅಲ್ಲಿಂದ ಕೈ ಬೀಸಿದ. ಮಕ್ಕಳು ಮಣ್ಣಿನ ಮೇಲಿನ ಅಂಗೈಯಗಲದ ಆಟ ನೋಡ್ತಾರೆ, ಹುಣಸೆ ಮರ ನೋಡ್ತಾರೆ, ಮತ್ತೆ ಮಣ್ಣು ನೋಡ್ತಾರೆ. ನಾನು ಏನೂ ವಿವರಿಸಲಿಲ್ಲ.

ಆಮೇಲೆ ಅದೇ ಹುಡುಗಿ 2069ಕ್ಕೆ ತನಗೆ 58 ವರ್ಷ ಅಂತ ಲೆಕ್ಕ ಹಾಕಿ ಹೇಳಿದಳು. ಕಾಗದ ತಲುಪೋದು ಆವಾಗ. "ಉತ್ತರ ಬರೋದು ಯಾವಾಗ್ರಿ ಸರ?" ಅಂತ ಕೇಳಿದಳು. ಅವಳೇ ಮತ್ತೆ 69 ಕೂಡಿಸಿ, 2138 ಅಂತ ಅಂಚಿನಲ್ಲಿ ಬರೆದುಕೊಂಡಳು.

ಯಾದಗಿರಿ ಅಕ್ಕೋರು · ಸಂಜೆ 6:02

ಮಾಸ್ತರೇ, ಆ ಪುಟದ ಒಂದು ಫೋಟೋ ಹಾಕ್ತೀರಾ? ಹೆಸರು ಮುಚ್ಚಿ.

ಭೀಮಾ ದಂಡೆ · ಸಂಜೆ 7:25

ನನ್ನ ಮಗನ ಕೈಯಲ್ಲಿ 830 × 830 ಮಾಡಿಸಿದೆ. ಮೂರನೇ ಸಲಕ್ಕೆ ಸರಿ ಬಂತು. 6,88,900. ಹುಣ್ಣಿಮೆ ವಿಷಯ ಹೇಳಿದೆ, ನಂಬಲಿಲ್ಲ. ಮುಂದಿನ ಸಲ ಮಾಳಿಗೆ ಹತ್ತುವಾಗ ತಿಳಿಸಿ, ಕರೆದುಕೊಂಡು ಬರ್ತೀನಿ.

ಚಿಂಚೋಳಿ ಮಾಸ್ತರ · ಸಂಜೆ 7:31

ಹದಿನೈದನೇ ತಾರೀಖು, ಶನಿವಾರ. ಮೋಡ ಇಲ್ಲದಿದ್ದರೆ ಏಳಕ್ಕೆ ಶುರು. ಚಾದರ ತನ್ನಿ, ಮಾಳಿಗೆ ಮೇಲೆ ಚಳಿ ಶುರುವಾಗಿದೆ.